ಕೊಯ್ದದ್ದೇನು, ಸತ್ತದ್ದೇನು?

ಕುರಿ ಸಾಕಿದವರ ಮನೆಯಲ್ಲಿ ಕುರಿ ಸಾಯುವುದು ಹೊಸದೇನಲ್ಲ. ಮಳೆ ಹೆಚ್ಚಾದರೂ ಸಾಯುತ್ತದೆ, ಬಿಸಿಲು ಹೆಚ್ಚಾದರೂ ಸಾಯುತ್ತದೆ, ಏನೂ ಆಗದಿದ್ದರೂ ಒಂದೊಂದು ಸಾಯುತ್ತದೆ. ಆದರೆ ಔರಾದ ತಾಲೂಕಿನ ಚಿಂತಾಕಿಯಲ್ಲಿ ಮಡೆಪ್ಪನ ಬಿಳಿಮೂತಿಯ ಕುರಿ ಸತ್ತದ್ದು ಯಾರಿಗೂ ತಿಳಿಯದ ಸಾವು. ಹಿಂದಿನ ಸಂಜೆ ಹೊಟ್ಟೆ ತುಂಬ ಮೇದು, ಮರಿಗೆ ಹಾಲು ಕುಡಿಸಿ, ಮಡೆಪ್ಪನ ಕಂಬಳಿಯ ಅಂಚನ್ನೂ ಒಂದಿಷ್ಟು ಜಗಿದು ಮಲಗಿತ್ತು. ಬೆಳಗಾಗುವುದರೊಳಗೆ ಕಾಲು ಚಾಚಿತ್ತು. ಹೊಟ್ಟೆ ಉಬ್ಬಿತ್ತು. ಮೂಗಿನಿಂದ ಕಪ್ಪು ರಕ್ತ ಸೋರಿ ಮಣ್ಣಿಗೆ ಇಳಿದಿತ್ತು, ಹೆಪ್ಪುಗಟ್ಟಿರಲಿಲ್ಲ.

ಮಡೆಪ್ಪನ ಹೆಂಡತಿ ಚಂದ್ರಭಾಗಾ ಕಸಬರಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು. ಮಡೆಪ್ಪ ಮಾತ್ರ ಬಗ್ಗಿ ನೋಡಿ ತೀರ್ಪು ಕೊಟ್ಟುಬಿಟ್ಟ. ಹಾವು ಮುಟ್ಟಿದೆ, ಅಷ್ಟೇ. ತನಗೆ ಗೊತ್ತಿಲ್ಲದ್ದನ್ನೆಲ್ಲ ಹಾವಿನ ತಲೆಗೆ ಕಟ್ಟುವುದು ಅವನ ಹಳೆಯ ಚಾಳಿ. ಇನ್ನೊಂದು ಮಾತೂ ಅವನಲ್ಲಿತ್ತು, ಅವನ ಅಪ್ಪನ ಕಾಲದ್ದು: ಕೈಯಾರೆ ಸಾಕಿದ ಕುರಿ ನಾಯಿ ಪಾಲಾಗಬಾರದು, ಮೈ ಆರುವ ಮೊದಲು ಕೊಯ್ದು ನಾಲ್ಕು ಮಂದಿಗೆ ಹಂಚಬೇಕು. ಅದರಲ್ಲಿ ದುರಾಸೆಯೇನೂ ಇರಲಿಲ್ಲ. ಕುರಿಯ ಋಣ ತೀರಿಸುವ ರೀತಿ ಅದು ಎಂದೇ ಅವನು ನಂಬಿದ್ದ.

ಅವನು ಚೂರಿ ತಂದು ಚರ್ಮ ಸುಲಿದ. ಸುಲಿಯುವಾಗ ಮಣಿಕಟ್ಟಿನ ಹತ್ತಿರ ಒಂದು ಗೀರು ಬಿತ್ತು. ಅರಿಶಿನ ಮೆತ್ತಿ ಕೆಲಸ ಮುಂದುವರಿಸಿದ. ಚರ್ಮಕ್ಕೆ ಉಪ್ಪು ಸವರಿ ಬೇಲಿಗೆ ಹಾಕಿದ.

ಆ ಮನೆಯಲ್ಲಿ ಕುರಿ ಬಿದ್ದರೆ ಮೊದಲ ಪಾಲು ಕೊಟ್ಟ ಮಗಳ ಮನೆಗೆ. ಮಗಳು ಕಾಜಲ ಭಾಲ್ಕಿಯಲ್ಲಿ ಇದ್ದಳು, ಎಳೆಗೂಸಿನ ತಾಯಿ. ಅವಳ ಅತ್ತೆ ಗಂಗುಬಾಯಿಯ ನಾಲಿಗೆ ಸ್ವಲ್ಪ ಉದ್ದ. ಹಿಂದೊಮ್ಮೆ ಚಿಂತಾಕಿಯಿಂದ ಬಂದ ಪಾಲಿನ ಡಬ್ಬಿ ತೆರೆದು, ನಿಮ್ಮೂರ ಕುರಿಗೆ ಬರೀ ಎಲುಬೇ ಏನು ಎಂದು ನಕ್ಕಿದ್ದಳು. ನಕ್ಕವಳು ಮರೆತಿದ್ದಳು, ಚಂದ್ರಭಾಗಾ ಮರೆತಿರಲಿಲ್ಲ. ಬೀಗರೆಂದರೆ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆದ್ದರಿಂದ ಈ ಸಲ ಅವಳು ಕಾರಿಜ ಎನ್ನುವ ಈಲಿ, ತೊಡೆಯ ಮೆತ್ತನೆಯ ತುಂಡು ಎಲ್ಲ ಆರಿಸಿ ದೊಡ್ಡ ಸ್ಟೀಲ್ ಡಬ್ಬಿ ತುಂಬಿದಳು. ದೇವರು ವರ ಕೊಟ್ಟಂತೆ ಅಳಿಯ ಕಾಶೀನಾಥನೂ ಅದೇ ಹೊತ್ತಿಗೆ ಬಂದ. ಬೀದರಿನ ಗಾಂಧಿ ಗಂಜದಿಂದ ಟೆಂಪೊದಲ್ಲಿ ಹಿಂಡಿ ಚೀಲ ಹೇರಿಕೊಂಡು ಬಂದು ಔರಾದದಲ್ಲಿ ಇಳಿಸಿ, ಅತ್ತೆ ಮಾವನಿಗೆ ಮುಖ ತೋರಿಸಿ ಹೋಗಲು ಬಂದಿದ್ದ. ಚಹಾ ಕುಡಿದು, ಡಬ್ಬಿ ಸೀಟಿನ ಕೆಳಗೆ ಇಟ್ಟುಕೊಂಡು ಹೊರಟ. ಕುರಿ ಹೇಗೆ ಬಿತ್ತು ಎಂದು ಅವನು ಕೇಳಲಿಲ್ಲ. ಇವರು ಹೇಳಲೂ ಇಲ್ಲ.

ಎರಡನೇ ಪಾಲು, ಮನೆಗೆಲಸ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ, ಓಣಿಯ ಮಹಾಮಾಯಾಳ ಮನೆಗೆ. ಅವಳು ಚಂದ್ರಭಾಗಾಳ ಸ್ವಸಹಾಯ ಸಂಘದ ಗೆಳತಿ. ಬುದ್ಧ ಪೂರ್ಣಿಮೆಗೆ ಅವಳ ಮನೆಯ ಖೀರು ಇವರ ಮನೆಗೆ ಬರುತ್ತಿತ್ತು, ಪಂಚಮಿಗೆ ಇವರ ಮನೆಯ ಉಂಡಿ ಅಲ್ಲಿಗೆ ಹೋಗುತ್ತಿತ್ತು. ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಾಂಸ ಯಾರು ತಂದರೂ, ಸ್ವಂತ ತಮ್ಮನೇ ತಂದರೂ, ಹೊಸ್ತಿಲ ಮೇಲೆ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು. ಅಂದೂ ಮಹಾಮಾಯಾ ಕೈ ಒರೆಸಿಕೊಳ್ಳುತ್ತ ಬಂದು ನಗುತ್ತಲೇ ಕೇಳಿದಳು.

"ಚಂದ್ರಕ್ಕಾ, ಕೊಯ್ದದ್ದೇನ್ರಿ, ಸತ್ತದ್ದೇನ್ರಿ?"

ಆ ಪ್ರಶ್ನೆಗೆ ಒಂದು ಕಥೆಯಿದೆ. ಹಿಂದೆ ಊರಿನಲ್ಲಿ ಸತ್ತ ದನ ಎಳೆಯುವುದು, ಅದರ ಚರ್ಮ ಸುಲಿಯುವುದು ಆ ಮನೆತನದ ತಲೆಗೆ ಕಟ್ಟಿದ ಕೆಲಸವಾಗಿತ್ತು. ಸತ್ತದ್ದರ ಮಾಂಸವೇ ಅವರ ಪಾಲು ಎಂದು ಊರು ನಿರ್ಧರಿಸಿತ್ತು. ಬಾಬಾಸಾಹೇಬರ ಮಾತು ಕಿವಿಗೆ ಬಿದ್ದ ಮೇಲೆ ಆ ಮನೆಯ ಹಿರಿಯರು, ಹಸಿದರೂ ಸರಿ, ಸತ್ತದ್ದನ್ನು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಮಹಾಮಾಯಾಳ ಅತ್ತೆ ಗಿರಿಜಾಬಾಯಿ ಆ ಆಣೆಯನ್ನು ಸೊಸೆಗೆ ಒಡವೆಯ ಹಾಗೆ ಒಪ್ಪಿಸಿ ಹೋಗಿದ್ದಳು. ಅದು ಮಾನದ ಪ್ರಶ್ನೆ. ಅದೇ ಪ್ರಶ್ನೆ ಒಂದು ದಿನ ಪ್ರಾಣವನ್ನೂ ಕಾಯುತ್ತದೆಂದು ಆ ಹಿರಿಯರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ಚಂದ್ರಭಾಗಾಳಿಗೆ ಒಳಗೊಳಗೇ ಚುರುಕ್ ಎಂದಿತು. ಪ್ರೀತಿಯಿಂದ ತಂದರೆ ಪೊಲೀಸರ ಹಾಗೆ ವಿಚಾರಣೆ ಮಾಡುತ್ತಾಳಲ್ಲ ಅನಿಸಿತು. ಕೊಯ್ದದ್ದೇ ಎಂದುಬಿಟ್ಟರೆ ಸುಳ್ಳೂ ಅಲ್ಲ, ಸತ್ತ ಮೇಲಾದರೂ ಕೊಯ್ದದ್ದು ನಿಜವಲ್ಲವೇ? ಮಾತು ತುಟಿಯ ತನಕ ಬಂತು. ಆದರೆ ಹೆರಿಗೆಯ ಹೊತ್ತಿನಲ್ಲಿ ತನ್ನ ಮಗಳ ಕೈ ಹಿಡಿದು ಔರಾದ ದವಾಖಾನೆಯಲ್ಲಿ ಕೂತಿದ್ದ ಹೆಂಗಸು ಎದುರಿಗೆ ನಿಂತಿದ್ದಳು. ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಸತ್ತದ್ದರಿ ಅಕ್ಕಾ. ಮುಂಜಾನಿ ನೋಡಿದ್ರ ಬಿದ್ದಿತ್ತು. ಹಾವು ಮುಟ್ಟ್ಯದ ಅಂತಾರ ಇವರು."

ಮಹಾಮಾಯಾ ಡಬ್ಬಿಯನ್ನು ಹಿಂದಕ್ಕೂ ತಳ್ಳಲಿಲ್ಲ, ಒಳಗೂ ಒಯ್ಯಲಿಲ್ಲ. ಕಟ್ಟೆಯ ಮೇಲೆ ಇಡಿಸಿ, ಹೇಗೆ ಬಿದ್ದಿತ್ತು, ಎಲ್ಲಿಂದ ರಕ್ತ ಬಂದಿತ್ತು ಎಂದು ವಿಚಾರಿಸಿದಳು. ಹೆಪ್ಪುಗಟ್ಟದ ಕಪ್ಪು ರಕ್ತ ಎಂದ ಕೂಡಲೇ ಅವಳ ನಗು ಹೋಯಿತು. ಅವಳ ಮಗಳು ಸಪನಾ ಪಶು ವೈದ್ಯೆ, ಬೀದರಿನ ಚಿದ್ರಿಯಲ್ಲಿ ಮನೆ ಮಾಡಿಕೊಂಡಿದ್ದಳು. ಮಹಾಮಾಯಾ ಅಲ್ಲೇ ನಿಂತು ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟಳು. ಸಪನಾ ಎಲ್ಲ ಕೇಳಿಸಿಕೊಂಡಳು. ಕುರಿಗಳು ಎಲ್ಲಿ ಮೇದಿದ್ದವು ಎಂದೂ ಕೇಳಿದಳು. ಹಳ್ಳದ ದಂಡೆಯ ಹಾಳು ಮಡ್ಡಿ ನೆಲದಲ್ಲಿ ಎಂದಳು ಚಂದ್ರಭಾಗಾ. ಮೊದಲ ಮಳೆಗೆ ಅಲ್ಲಿ ಮಾತ್ರ ಹುಲ್ಲು ಚಿಗುರಿತ್ತು. ಹಿರಿಯರು ಅಲ್ಲಿ ಕುರಿ ಬಿಡುತ್ತಿರಲಿಲ್ಲ, ದೆವ್ವ ಇದೆ ಎನ್ನುತ್ತಿದ್ದರು.

"ಮೌಶಿ, ಹಿರ್ಯಾರು ಬರೋಬರ್ ಹೇಳ್ಯಾರ, ಹೆಸರಷ್ಟೇ ಬ್ಯಾರೆ," ಎಂದಳು ಸಪನಾ. "ಹಿಂದ ಯಾವಾಗೋ ಬ್ಯಾನಿ ಬಂದು ಸತ್ತ ದನಾ ಕುರಿ ಅಲ್ಲಿ ಹೂತಿರಬೇಕು. ಮಣ್ಣಾಗ ಆ ಬ್ಯಾನಿ ಬೀಜ ವರ್ಷಾನುಗಟ್ಟಲೆ ಸಾಯಂಗಿಲ್ಲ. ಇದು ನೆರಡಿ ಬ್ಯಾನಿ ಇದ್ದಂಗ ಕಾಣ್ತದರಿ, ಆಂಥ್ರಾಕ್ಸ್ ಅಂತಾರ. ಖರೆ ಏನಂತ ರಕ್ತ ಪರೀಕ್ಷಾ ಆದ ಮ್ಯಾಲೇ ಹೇಳ್ತೇನಿ. ಆದ್ರ ಅಲ್ಲೀತನಕ ಕಾಯೋದು ಬ್ಯಾಡ. ಅದು ಕುರಿಯಿಂದ ಮನಷ್ಯಾಗ ಬರ್ತದ, ಜೀವಾ ತಗೋತದ. ಯಾರೂ ತಿನ್ನಬ್ಯಾಡ್ರಿ, ಮುಟ್ಟಬ್ಯಾಡ್ರಿ. ಮಾಂಸ ಎಲ್ಲೆಲ್ಲಿ ಹೋಗ್ಯದ, ಮೊದಲ ಅದು ಹೇಳ್ರಿ."

ಮಗಳ ಮನೆಗಷ್ಟೇ ಹೋಗಿದೆ ಎಂದಳು ಚಂದ್ರಭಾಗಾ. ಡಬ್ಬಿ ಆಗಲೇ ಭಾಲ್ಕಿಯ ದಾರಿ ಹಿಡಿದಿತ್ತು.

ಕಾಶೀನಾಥನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ ಎಂಬುದು ಅವನ ನೇಮ. ಅಂಥ ಅಳಿಯ ಸಿಕ್ಕನಲ್ಲ ಎಂದು ಊರೆಲ್ಲ ಹೊಗಳಿಕೊಂಡು ಬಂದವಳು ಇವಳೇ. ಆ ದಿನ ಮಾತ್ರ ಆ ಒಳ್ಳೆಯ ಗುಣವನ್ನು ಮನಸ್ಸಿನಲ್ಲೇ ಶಪಿಸಿದಳು. ಮಗಳ ಫೋನೂ ಹತ್ತಲಿಲ್ಲ. ಉಳಿದದ್ದು ಗಂಗುಬಾಯಿಯ ನಂಬರ್ ಒಂದೇ.

ಅಷ್ಟರಲ್ಲಿ ಸುದ್ದಿ ಕೇಳಿ ಮಡೆಪ್ಪ ಬಂದ. ಬೀಗರಿಗೆ ಫೋನ್ ಮಾಡುತ್ತೇನೆ ಎಂದು ಚಂದ್ರಭಾಗಾ ಅಂದ ಕೂಡಲೇ ಅವನು ಅಡ್ಡ ನಿಂತ. ಇಂಥ ಮಾಂಸ ತನ್ನಪ್ಪನೂ ತಿಂದಿದ್ದ, ತಾನೂ ತಿಂದಿದ್ದೇನೆ, ಬದುಕಿಲ್ಲವೇ ಎಂದ. ಬೆಂಕಿಯಲ್ಲಿ ಕುದ್ದರೆ ಯಾವ ರೋಗ ಉಳಿಯುತ್ತದೆ ಎಂದ. ಅವನ ನಿಜವಾದ ಹೆದರಿಕೆ ಕೊನೆಗೆ ಬಂತು.

"ಸತ್ತ ಕುರಿ ಕಳಸ್ಯಾರ ಅಂದ್ರ ಬೀಗರ ಮನ್ಯಾಗ ನಮ್ಮ ಮರ್ಯಾದಿ ಏನ್ ಉಳೀತದ? ಹುಡುಗಿಗಿ ಜಿಂದಗಿಭರ್ ಆಡ್ಕೋತಾರ. ಸುಮ್ಮ ಇರು ನೀ."

ಕುದಿಸಿದರೆ ಸಾಕಾಗುವುದಿಲ್ಲ, ಈ ರೋಗದ ಬೀಜ ಒಲೆಯ ಕಾವಿಗೆ ಸಾಯುತ್ತದೆಂದು ನೆಚ್ಚುವಂತಿಲ್ಲ, ಹೆಚ್ಚುವಾಗ ತೊಳೆಯುವಾಗ ಕೈಯ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ ಎಂದು ಸಪನಾ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಚಂದ್ರಭಾಗಾ ಗಂಡನ ಮುಖ ನೋಡಿದಳು. ಮೂವತ್ತು ವರ್ಷ ಅವನ ಮಾತಿಗೆ ಎದುರಾಡದವಳೇನಲ್ಲ, ದಿನಕ್ಕೆ ಹತ್ತು ಸಲ ಆಡುತ್ತಿದ್ದಳು. ಆದರೆ ಅಂದು ಜಗಳದ ದನಿ ಇರಲಿಲ್ಲ.

"ನನ್ನ ಮರ್ಯಾದಿ ಹೋದ್ರ ಹೋಗ್ಲಿರಿ. ಮರ್ಯಾದಿ ನಾಳಿ ತಿರುಗಿ ಬಂದೀತು. ಕಾಜಲ ಹೋದ್ರ ಎಲ್ಲಿಂದ ತರೋದು?"

ಎಂದು ಫೋನ್ ಹಚ್ಚಿದಳು.

ಗಂಗುಬಾಯಿ ಎತ್ತಿದ ಕೂಡಲೇ ಖುಷಿಯಿಂದ ಮಾತಾಡಿದಳು. ಡಬ್ಬಿ ಆಗಲೇ ಬಂದಿತ್ತು, ಕಾಶೀನಾಥ ಊಟಕ್ಕೆ ಮನೆಗೇ ನೇರ ಬಂದಿದ್ದ, ಕಾರಿಜ ನೋಡಿ ಕಣ್ಣು ತುಂಬಿತು, ಮಸಾಲೆ ಅರೆಯುತ್ತಿದ್ದೇನೆ, ಕಾಜಲ ಮಾಂಸ ತೊಳೆಯುತ್ತಿದ್ದಾಳೆ ಎಂದೆಲ್ಲ ಹೇಳಿದಳು. ಬೀಗತಿಯ ಬಾಯಿಂದ ಹೊಗಳಿಕೆ ಕೇಳಬೇಕೆಂದು ಎಷ್ಟೋ ದಿನದಿಂದ ಕಾದಿದ್ದ ಚಂದ್ರಭಾಗಾಳಿಗೆ ಆ ಹೊಗಳಿಕೆಯ ನಡುವೆಯೇ ಬಾಯಿ ಹಾಕಬೇಕಾಯಿತು.

"ಬೀಗತ್ಯಾರ, ಕಾಜಲನ ಕೈ ಮೊದಲ ನೀರಾಗಿಂದ ಹೊರಗ ತೆಗಸ್ರಿ. ಅದು ಕೊಯ್ದ ಕುರಿ ಅಲ್ರಿ, ಸತ್ತಿದ್ದು. ಬ್ಯಾನಿ ಬಂದು ಸತ್ತಂಗ ಕಾಣ್ತದ. ನಾ ನಿಮಗ ಹೇಳಲಿಲ್ಲ, ತಪ್ಪಾಗ್ಯದ. ಯಾರೂ ತಿನ್ನಬ್ಯಾಡ್ರಿ, ಕೈ ಮುಗೀತೇನಿ."

ಆ ಕಡೆ ಗಂಗುಬಾಯಿ ಕಾಜಲಳನ್ನು ಕೂಗಿದ್ದು ಕೇಳಿತು, ಏನೋ ಬಿದ್ದ ಸದ್ದಾಯಿತು, ಫೋನ್ ಕಡಿಯಿತು.

ಚಂದ್ರಭಾಗಾ ಮಹಾಮಾಯಾಳ ಕಟ್ಟೆಯ ಮೇಲೆ ಕೂತಳು. ಮಹಾಮಾಯಾ ಅವಳಿಗೆ ಸೋಪು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆಸಿದಳು, ಮಡೆಪ್ಪನಿಗೂ ತೊಳೆಸಿದಳು, ಪಕ್ಕದಲ್ಲೇ ಕೂತಳು. ಇನ್ನು ಗಂಗುಬಾಯಿ ಏನೆನ್ನುತ್ತಾಳೋ, ಮಗಳನ್ನು ತವರಿಗೆ ಅಟ್ಟುತ್ತಾಳೋ ಎಂದು ಚಂದ್ರಭಾಗಾ ಫೋನಿನ ಮೇಲೆಯೇ ಕಣ್ಣು ನೆಟ್ಟಿದ್ದಳು.

ಫೋನ್ ಬಂತು. ಗಂಗುಬಾಯಿಯದೇ. ಯಾರೂ ತಿಂದಿರಲಿಲ್ಲ. ಕಾಜಲ ಸೋಪಿನಿಂದ ಕೈ ತೊಳೆದು, ಸೀರೆ ಬದಲಿಸಿ, ಆಮೇಲೆಯೇ ಕೂಸನ್ನು ಎತ್ತಿಕೊಂಡಿದ್ದಳು. ಮುಂದೇನು ಮಾಡಬೇಕು ಹೇಳಿರಿ ಎಂದಳು ಗಂಗುಬಾಯಿ. ಸಪನಾ ಹೇಳಿಕೊಟ್ಟಂತೆ ಚಂದ್ರಭಾಗಾ ಹೇಳಿದಳು: ನಾಯಿಗೆ ಹಾಕಬಾರದು, ಹಳ್ಳಕ್ಕೆ ಎಸೆಯಬಾರದು, ಪಾತ್ರೆ ಸಮೇತ ಮುಚ್ಚಿಡಬೇಕು, ಭಾಲ್ಕಿಯ ಪಶು ಆಸ್ಪತ್ರೆಯವರು ಬಂದು ಒಯ್ದು ಹೂಳುತ್ತಾರೆ, ಮುಟ್ಟಿದವರೆಲ್ಲ ದವಾಖಾನೆಗೆ ಹೋಗಬೇಕು. ಎಲ್ಲ ಕೇಳಿಕೊಂಡ ಮೇಲೆ ಗಂಗುಬಾಯಿ ಇಷ್ಟೇ ಅಂದಳು:

"ಹೇಳಿದ್ರಲ್ಲ, ನಿಮ್ಮ ಋಣ ಮರೆಯಂಗಿಲ್ರಿ ನಾ. ನಮ್ಮ ಕೈಲಿ ಹೀಂಗ ಆಗಿದ್ರ ನಾ ಹೇಳ್ತಿದ್ನೋ ಇಲ್ಲೋ, ಆ ದೇವರಿಗೇ ಗೊತ್ತು."

ಚಂದ್ರಭಾಗಾ ಆಗ ಅತ್ತಳು. ಹೆದರಿಕೆಯಲ್ಲಿ ಬಾರದ ಅಳು ಆ ಒಂದು ಮಾತಿಗೆ ಬಂತು.

ಸಂಜೆಯೊಳಗೆ ಸಪನಾ ಮತ್ತು ಔರಾದದ ಪಶು ಆಸ್ಪತ್ರೆಯ ಸಿಬ್ಬಂದಿ ಚಿಂತಾಕಿಗೆ ಬಂದರು. ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಕೈಗವಸು ಹಾಕಿಕೊಂಡು ಮಾಂಸ, ಚರ್ಮ, ಎಲುಬು, ರಕ್ತ ಬಿದ್ದ ಮಣ್ಣು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂತು, ಮೇಲೆ ಮುಳ್ಳು ಹಾಕಿದರು. ಗಾಯ ಇರಲಿ ಬಿಡಲಿ, ಮುಟ್ಟಿದವರೆಲ್ಲ ತೆಗೆದುಕೊಳ್ಳಬೇಕೆಂದು ಆರೋಗ್ಯ ಇಲಾಖೆಯವರು ಮಾತ್ರೆ ಕೊಟ್ಟರು. ಹುಣ್ಣು ಎದ್ದರೆ ಹೇಗಿರುತ್ತದೆ ಎಂದೂ ಹೇಳಿದರು: ಮೊದಲು ಸೊಳ್ಳೆ ಕಚ್ಚಿದಂಥ ಗುಳ್ಳೆ, ಆಮೇಲೆ ಸುತ್ತ ಬಾವು, ನಡುವೆ ಕಪ್ಪು ಹಕ್ಕಳೆ. ನೋವಿರುವುದಿಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ.

ಚಂದ್ರಭಾಗಾ ಮಾತ್ರೆ ನುಂಗಿದಳು, ಭಾಲ್ಕಿಯಲ್ಲಿ ಕಾಜಲಳೂ ಮನೆಯವರೂ ನುಂಗಿದರು. ಮಡೆಪ್ಪ ಅವರೆದುರು ಹೂಂ ಹೂಂ ಎಂದು, ಅವರ ಜೀಪು ತಿರುಗಿದ ಮೇಲೆ ತನ್ನ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿ ತಂಬಾಕಿನ ಡಬ್ಬಿಯ ಹಿಂದೆ ಇಟ್ಟುಬಿಟ್ಟ. ಮೈಗೆ ಏನೂ ಆಗದೆ ಔಷಧ ತಿನ್ನುವುದು ಅವನ ಪ್ರಕಾರ ಹುಚ್ಚುತನ. ನಮ್ಮಲ್ಲಿ ಎಷ್ಟು ಜನ ಮಡೆಪ್ಪಂದಿರಿದ್ದಾರೋ ಲೆಕ್ಕ ಹಾಕಲು ಹೋಗಬಾರದು.

ಕೆಲವೇ ದಿನಕ್ಕೆ ಮಣಿಕಟ್ಟಿನ ಗೀರಿನ ಮೇಲೆ ಒಂದು ಗುಳ್ಳೆ ಎದ್ದಿತು. ಅವನು ಅಂಗಿಯ ತೋಳು ಇಳಿಬಿಟ್ಟುಕೊಂಡ. ಚಳಿಯಲ್ಲೂ ತೋಳು ಮಡಚುವವನು ಹೀಗೇಕೆ ಎಂದು ಚಂದ್ರಭಾಗಾ ಹಿಡಿದು ನೋಡಿದರೆ ಕೈ ಊದಿದೆ, ನಡುವೆ ಕಪ್ಪು ಹಕ್ಕಳೆ. ನೋವೇ ಇಲ್ಲ, ಇದೆಂಥ ರೋಗ ಎಂದ ಅವನು. ನೋವಿಲ್ಲ ಎಂದದ್ದಕ್ಕೇ ಅವಳ ಜೀವ ಹಾರಿತು. ಅಂದೇ ಔರಾದ ದವಾಖಾನೆಗೆ ಎಳೆದುಕೊಂಡು ಹೋದಳು.

ವೈದ್ಯ ಏಜಾಜ ಸಾಹೇಬರು ಏನಾಗಿತ್ತು ಎಂದು ಕೇಳಿದರು. ಮುಳ್ಳು ಚುಚ್ಚಿತ್ತು ಎಂದ ಮಡೆಪ್ಪ. ಆ ಸುಳ್ಳು ನಿಂತಿದ್ದರೆ ಬರೀ ಮುಲಾಮು ಹಚ್ಚಿಕೊಂಡು ಮನೆಗೆ ಬರುತ್ತಿದ್ದ, ಆಮೇಲೆ ಏನಾಗುತ್ತಿತ್ತೋ. ಚಂದ್ರಭಾಗಾ ನಡುವೆ ಬಂದು, ಸತ್ತ ಕುರಿ ಸುಲಿದದ್ದು, ಮಾತ್ರೆ ನುಂಗದೆ ಇಟ್ಟದ್ದು, ಒಂದೂ ಬಿಡದೆ ಹೇಳಿದಳು. ಸಾಹೇಬರು ಬೈಯಲಿಲ್ಲ. ಖರೆ ಹೇಳಿದಿರಿ, ಅರ್ಧ ಇಲಾಜು ಆದಂತೆಯೇ ಎಂದು ಬೀದರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೂಜಿ, ಸಲಾಯಿನ್, ಮಾತ್ರೆ. ಕುರಿಯ ರಕ್ತದ ಪರೀಕ್ಷೆಯೂ ಬಂತು. ನೆರಡಿಯೇ.

ಮಡೆಪ್ಪ ಗುಣವಾಗಿ ಮನೆಗೆ ಬಂದಾಗ ಕೈಗೆ ಪಟ್ಟಿ ಇತ್ತು. ಊರಿನವರು ಅವನ ಕಟ್ಟೆ ಬಳಸಿ ಸುತ್ತು ಹಾಕಿ ಹೋಗತೊಡಗಿದರು. ಮೊದಲು ರೋಗವನ್ನೇ ನಂಬದವರು ಈಗ ಅವನ ನೆರಳಿಗೂ ಹೆದರುತ್ತಿದ್ದರು. ಹಾಗೆ ನೋಡಿದರೆ ಎರಡೂ ಒಂದೇ ಅಜ್ಞಾನದ ಮಕ್ಕಳು. ಆಗ ಬಂದವಳು ಮಹಾಮಾಯಾ. ಎಲ್ಲರೂ ನೋಡುವಂತೆ ಅದೇ ಕಟ್ಟೆಯ ಮೇಲೆ ಕೂತು ಚಹಾ ಕೇಳಿ ಕುಡಿದಳು. ಈ ರೋಗ ಕೂತರೆ, ಮಾತಾಡಿದರೆ, ಕೂಡಿ ಉಂಡರೆ ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ, ಗಾಯದ ಪಟ್ಟಿ ಬರಿಗೈಯಿಂದ ಮುಟ್ಟದಿದ್ದರೆ ಸಾಕು ಎಂದು ಹೋಗಿ ಬರುವವರಿಗೆಲ್ಲ ಕೇಳಿಸುವಂತೆ ಹೇಳಿದಳು. ಮರುದಿನ ಕಟ್ಟೆಯ ಮೇಲೆ ಮೂರು ಮಂದಿ ಹೆಚ್ಚಾಗಿಯೇ ಕೂತಿದ್ದರು, ಚಹಾಕ್ಕೆ.

ಊರಿನ ಕುರಿಗಳಿಗೆ ಲಸಿಕೆ ಹಾಕಲು ಸಪನಾ ಬಂದಾಗ, ಸೂಜಿ ಹಾಕಿಸಿದರೆ ಗಬ್ಬದ ಕುರಿ ಕಂದು ಹಾಕುತ್ತದೆ ಎಂದು ಒಂದಿಬ್ಬರು ಗುಣುಗುಟ್ಟಿದರು. ದಿನ ತುಂಬಿದ ಗಬ್ಬದ ಕುರಿ ಇದ್ದರೆ ಮೊದಲೇ ಹೇಳಿರಿ, ಅವನ್ನು ಬೇರೆ ನೋಡೋಣ ಎಂದಳು ಸಪನಾ. ಎಲ್ಲರಿಗಿಂತ ಮುಂದೆ ಹಿಂಡು ಹೊಡೆದುಕೊಂಡು ನಿಂತವನು ಮಡೆಪ್ಪ. ಅಂಗಿಯ ತೋಳು ಮಡಚಿ ಮಣಿಕಟ್ಟಿನ ಕಲೆ ತೋರಿಸಿ ಹೇಳಿದ:

"ನನಗ ಕೇಳ್ರಿ. ಹಾವು ಅಂದೆ, ಮುಳ್ಳು ಅಂದೆ. ಈ ಹೆಣ್ಮಕ್ಕಳು ಖರೆ ಹೇಳಿದ್ರು ಅಂತ ನಿಮ್ಮ ಮುಂದ ನಿಂತೀನಿ."

ಆಮೇಲೆ ಕಾಜಲಳ ಕೂಸಿನ ಜವಳ ಚಿಂತಾಕಿಯಲ್ಲೇ ಆಯಿತು. ಗಂಗುಬಾಯಿ ಭಾಲ್ಕಿಯಿಂದ ಮಂದಿ ಕಟ್ಟಿಕೊಂಡು ಬಂದಳು. ಲಸಿಕೆ ಆಗಿ ಬಹಳ ದಿನ ಕಳೆದ, ಗಟ್ಟಿಯಾಗಿ ಓಡಾಡುತ್ತಿದ್ದ ಟಗರನ್ನು ಎಲ್ಲರೆದುರು ಕೊಯ್ದರು. ಚಂದ್ರಭಾಗಾ ಡಬ್ಬಿ ತುಂಬಿ, ಬೀಗತಿಯನ್ನೂ ಕರೆದುಕೊಂಡು ಮಹಾಮಾಯಾಳ ಹೊಸ್ತಿಲಿಗೆ ಹೋದಳು. ಇಂಥ ಶುಭದಿನ ಏನು ಕೇಳುವುದೆಂದು ಮಹಾಮಾಯಾ ಸುಮ್ಮನೆ ಕೈ ಚಾಚಿದಳು. ಚಂದ್ರಭಾಗಾ ಡಬ್ಬಿ ಬಿಡಲಿಲ್ಲ.

"ಮೊದಲ ಕೇಳ್ರಿ."

"ಏನ್ ಕೇಳ್ಲಿ ಚಂದ್ರಕ್ಕಾ, ಗೊತ್ತೇ ಅದಲ್ಲ."

"ಗೊತ್ತಿದ್ರೂ ಕೇಳ್ರಿ. ನೀವು ಅವತ್ತ ಕೇಳಿದ್ರಿ ಅಂತ ನನ್ನ ಮೊಮ್ಮಗನಿಗಿ ತಾಯಿ ಅದಾಳ."

ಮಹಾಮಾಯಾ ಅತ್ತೆ ಕಲಿಸಿದಂತೆ ಹೊಸ್ತಿಲ ಮೇಲೆ ನೆಟ್ಟಗೆ ನಿಂತು ಕೇಳಿದಳು. ಕೊಯ್ದದ್ದು ಎಂದು ಚಂದ್ರಭಾಗಾ ಹೇಳುವ ಮೊದಲೇ ಗಂಗುಬಾಯಿ ಹೇಳಿಬಿಟ್ಟಳು. ಉದ್ದ ನಾಲಿಗೆ ಒಳ್ಳೆಯದಕ್ಕೂ ಬರುತ್ತದೆ.

ಓದುವ ಅಕ್ಕ ಅಣ್ಣಂದಿರೇ, ಕೇಳುವ ತಾಯಂದಿರೇ, ಈ ಪ್ರಶ್ನೆಯನ್ನು ನೀವೂ ನಿಮ್ಮ ಹೊಸ್ತಿಲಿಗೆ ಒಯ್ಯಿರಿ. ಚೆನ್ನಾಗಿದ್ದ ಕುರಿ, ಆಡು, ದನ ಇದ್ದಕ್ಕಿದ್ದಂತೆ ಸತ್ತರೆ, ಮೂಗು ಬಾಯಿಯಿಂದ ಕಪ್ಪು ರಕ್ತ ಬಂದರೆ, ಅದಕ್ಕೆ ಚೂರಿ ಹಚ್ಚಬೇಡಿ. ಸುಲಿಯಬೇಡಿ, ಹಂಚಬೇಡಿ, ಹಳ್ಳಕ್ಕೆ ಎಳೆಯಬೇಡಿ. ನಾಯಿ ಹತ್ತಿರ ಬಾರದಂತೆ ಕಾದು, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮುಟ್ಟಿದ್ದರೆ ಸೋಪಿನಿಂದ ಕೈ ತೊಳೆದು ದವಾಖಾನೆಗೆ ಹೋಗಿ, ಕೊಟ್ಟ ಮಾತ್ರೆ ಗೂಡಿನಲ್ಲಿಡದೆ ಪೂರ್ತಿ ನುಂಗಿ. ನೋಯದ ಕಪ್ಪು ಹುಣ್ಣು ಕಂಡರೆ ಒಂದು ದಿನವೂ ಕಾಯಬೇಡಿ, ಡಾಕ್ಟರ ಮುಂದೆ ಇದ್ದದ್ದು ಇದ್ದಂತೆ ಹೇಳಿ. ಬೇಗ ಹೋದರೆ ಇದಕ್ಕೆ ಮದ್ದಿದೆ. ಕುರಿಗಳಿಗೆ ಪಶು ವೈದ್ಯರು ಹೇಳಿದಾಗ ಲಸಿಕೆ ಹಾಕಿಸಿ. ತಿಳಿಯದೆ ಪಾಲು ಕಳಿಸಿಬಿಟ್ಟಿದ್ದರೆ ನಾಚಿಕೆ ಬದಿಗಿಟ್ಟು ಈಗಲೇ ಫೋನ್ ಹಚ್ಚಿ. ಆ ಮನೆಯಲ್ಲಿ ಮಸಾಲೆ ಅರೆಯುತ್ತಿರಬಹುದು.